ಸರ್ವಜ್ಞಮೂರ್ತಿಯೂ ಒಗಟಿನ ವಿನೋದವೂ

ಕನ್ನಡ ನಾಡಿನಲ್ಲಿ ಸರ್ವಜ್ಞನ ಹೆಸರನ್ನು ಕೇಳದವರು ವಿರಳ. ಅಕ್ಷರಜ್ಞಾನವಿಲ್ಲದ ವೃದ್ಧರೂ ಮಾತಿನ ನಡುವೆ ಆತನದೊಂದು ವಚನವನ್ನು ಹೇಳಿ ವಾದವನ್ನು ಮುಗಿಸಬಲ್ಲರು. ಸಾಲದ ಸಂಕಟ, ದಾನದ ಮಹಿಮೆ, ಗುರುವಿನ ಹಿರಿಮೆ, ಮೂರ್ಖಸಂಗದ ಕೇಡು, ಒಕ್ಕಲುತನದ ಮೇಲ್ಮೆ, ಊಟದ ರುಚಿ ಮೊದಲಾಗಿ ಆತನು ನುಡಿಯದ ವಿಷಯವೇ ಇಲ್ಲವೆನ್ನಬೇಕು. ಆದರೆ ಆತನ ವಚನಗಳಲ್ಲಿ ಒಗಟುಗಳೂ ಉಂಟೆಂಬುದನ್ನು ಬಲ್ಲವರು ಕಡಿಮೆ. ಬಲ್ಲವರಲ್ಲಿಯೂ ಹಲವರು ಅವನ್ನು ಮಕ್ಕಳ ಆಟವೆಂದು ಬದಿಗಿಟ್ಟು ನೀತಿವಚನಗಳ ಕಡೆಗೆ ನಡೆಯುವರು. ಹೀಗೆ ಬದಿಗಿಡುವುದು ಯುಕ್ತವೇ ಎಂಬುದನ್ನು ವಿಚಾರಿಸುವುದಕ್ಕಾಗಿಯೇ ಈ ಮಹಾನುಭಾವನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲಾಗಿದೆ.

ಸರ್ವಜ್ಞನ ಜನನವೃತ್ತಾಂತವು ಆತನ ಅಂಕಿತದಲ್ಲಿ ದೊರೆತಿರುವ ಕೆಲವು ತ್ರಿಪದಿಗಳಿಂದ ತಿಳಿದುಬರುವುದು. ಅವುಗಳ ಪ್ರಕಾರ ಮಾಸೂರಿನ ಬಸವರಸನೆಂಬ ಬ್ರಾಹ್ಮಣನು ಪುತ್ರಾಪೇಕ್ಷೆಯಿಂದ ಕಾಶೀಯಾತ್ರೆಯನ್ನು ಮಾಡಿ, ಹಿಂದಿರುಗುವಾಗ ಅಂಬಲೂರಿನ ಕುಂಬಾರರ ಮನೆಯಲ್ಲಿ ತಂಗಿದನು. ಅಲ್ಲಿದ್ದ ಮಾಳಿ ಎಂಬವಳಲ್ಲಿ ಜನಿಸಿದ ಶಿಶುವೇ ನಮ್ಮ ಕವಿ. ಆತನ ಮೊದಲಿನ ಹೆಸರು ಪುಷ್ಪದತ್ತನೆಂದೂ ಪ್ರತೀತಿಯುಂಟು. ಅಂಬಲೂರೆಂದರೆ ಏಕಾಂತದ ರಾಮಯ್ಯನ ಶಿವನಿಷ್ಠೆಯನ್ನು ಸಾರುವ ಶಾಸನವುಳ್ಳ ಅಬ್ಬಲೂರು. ಮಾಸೂರು, ಅಬ್ಬಲೂರುಗಳೆರಡೂ ಹಿರೇಕೆರೂರಿನ ಸೀಮೆಯವು. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಸೀಮೆಯು 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ಕವಿಯ ಕಾಲವನ್ನು ವಿದ್ವಾಂಸರು ಸ್ಥೂಲವಾಗಿ 16 ಅಥವಾ 17ನೆಯ ಶತಮಾನವೆಂದು ಊಹಿಸಿದ್ದಾರೆ. ಜನನವೃತ್ತಾಂತದ ತ್ರಿಪದಿಗಳು ಅನಂತರದವರು ಸೇರಿಸಿದವೆಂದು ಹೇಳುವವರೂ ಇದ್ದಾರೆ.

ಇದೇ ಅಂಕಿತದ ಇನ್ನೊಂದು ವಚನವು ಈ ವೃತ್ತಾಂತವನ್ನೇ ಅಲ್ಲಗಳೆಯುವುದು. ತನ್ನ ತಂದೆಯು ಹಾರುವನೂ ಅಲ್ಲ, ತಾಯಿಯು ಮಾಳಿಯೂ ಅಲ್ಲ, ತಾನು ಚಂದ್ರಶೇಖರನ ವರದಿಂದ ಹುಟ್ಟಿದ ಕಂದನೆಂಬುದು ಅದರ ತಾತ್ಪರ್ಯ. ಇಂತಹದು ಅಲ್ಲ, ಅಂತಹದೂ ಅಲ್ಲ, ಹಾಗಾದರೆ ಯಾವುದು ಎಂದು ಕೇಳುವವನನ್ನು ನಿಲ್ಲಿಸುವುದು ಒಗಟಿನ ಮರ್ಯಾದೆ. ಕುಲವನ್ನು ವಿಚಾರಿಸಲು ಬಂದ ಲೋಕಕ್ಕೆ ಈ ಕವಿಯು ತನ್ನ ಹುಟ್ಟನ್ನೇ ಒಗಟನ್ನಾಗಿ ಮಾಡಿ ಒಪ್ಪಿಸಿದನೆಂದರೆ ತಪ್ಪಾಗದು.

ಮನೆಯನ್ನು ತೊರೆದ ಮೇಲೆ ಆತನ ಬಾಳೆಲ್ಲ ಸಂಚಾರದಲ್ಲಿಯೇ ಕಳೆಯಿತು. ಕೈಯಲ್ಲಿ ಭಿಕ್ಷೆಯ ಕಪ್ಪರ, ಎದುರಿಗೆ ವಿಶಾಲವಾದ ನಾಡು, ನೆಚ್ಚಲು ಹರನೆಂಬ ದೈವ, ಇಷ್ಟಿರಲು ತಿರಿದುಣ್ಣುವವನಿಗಿಂತ ಸಿರಿವಂತನು ಯಾರೆಂದು ಆತನು ಕೇಳಿದ್ದಾನೆ. ಮಠವನ್ನು ಕಟ್ಟಲಿಲ್ಲ, ಅರಸರ ಆಸ್ಥಾನವನ್ನು ಆಶ್ರಯಿಸಲಿಲ್ಲ, ಶಿಷ್ಯಪರಂಪರೆಯನ್ನು ಬೆಳೆಸಲಿಲ್ಲ. ಊರಿಂದೂರಿಗೆ ನಡೆದನು, ಇಕ್ಕಿದವರ ಮನೆಯಲ್ಲಿ ಉಂಡನು, ಕಂಡುದನ್ನು ಕಂಡಂತೆ ನುಡಿದನು. ಸರ್ವಜ್ಞನೆಂಬ ಹೆಸರು ಗರ್ವದಿಂದ ಬಂದುದಲ್ಲವೆಂದೂ, ಎಲ್ಲರಿಂದಲೂ ಒಂದೊಂದು ನುಡಿಯನ್ನು ಕಲಿತು ತಾನು ವಿದ್ಯೆಯ ಪರ್ವತವಾದೆನೆಂದೂ ಆತನೇ ಸ್ಪಷ್ಟಪಡಿಸಿದ್ದಾನೆ. ಈ ಒಂದು ಮಾತನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಗಟುಗಳ ಮರ್ಮವು ಇದರಲ್ಲಿಯೇ ಅಡಗಿದೆ.

ಒಗಟು ನಮ್ಮ ಜನಪದದ ಬಹು ಪ್ರಾಚೀನವಾದ ವಿನೋದ. ಒಡಪು, ಒಡಗತೆ, ಮುಂಡಿಗೆ ಎಂದು ಸೀಮೆಗೊಂದು ಹೆಸರುಂಟು. ಉತ್ತರ ಕರ್ನಾಟಕದ ಮದುವೆಗಳಲ್ಲಿ ಪ್ರಾಸಬದ್ಧವಾದ ಒಡಪನ್ನು ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಇರಿಸಿ, ನಾಚುತ್ತ ಹೇಳುವ ಸಂಪ್ರದಾಯವನ್ನು ಎಲ್ಲರೂ ಬಲ್ಲರು. ಸುಗ್ಗಿಯ ಕಣದಲ್ಲಿ, ಬೀಸುವ ಕಲ್ಲಿನ ಮುಂದೆ, ಮಳೆಗಾಲದ ಇರುಳಿನಲ್ಲಿ ಒಲೆಯ ಸುತ್ತ ಒಬ್ಬರು ಒಗಟನ್ನು ಒಡ್ಡುವುದೂ, ಉಳಿದವರು ಬಿಡಿಸುವುದೂ, ಬಿಡಿಸಲಾರದವರು ಸೋತೆನೆಂದು ಒಪ್ಪಿ ನಗುವುದೂ ನಡೆದುಬಂದಿದೆ. ಶಿಷ್ಟ ಸಾಹಿತ್ಯವೂ ಇದನ್ನು ಕಡೆಗಣಿಸಲಿಲ್ಲ. ವಾತ್ಸ್ಯಾಯನನು ಎಣಿಸಿದ ಅರುವತ್ತುನಾಲ್ಕು ಕಲೆಗಳಲ್ಲಿ ಪ್ರಹೇಲಿಕೆಯೂ ಒಂದು. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಲಿಕೆಯ ಹದಿನಾರು ಭೇದಗಳನ್ನು ನಿರೂಪಿಸಿ, ಅವುಗಳ ಪ್ರಯೋಜನವನ್ನೂ ತಿಳಿಸಿರುವನು: ಗೋಷ್ಠಿಗಳಲ್ಲಿ ಕ್ರೀಡಾವಿನೋದ, ಜನರ ಗುಂಪಿನ ನಡುವೆ ಬಲ್ಲವರೊಡನೆ ಗುಟ್ಟಿನ ಮಾತು, ಎದುರಾಳಿಯನ್ನು ಬೆರಗುಗೊಳಿಸುವುದು. ಸಾಹಿತ್ಯದರ್ಪಣದ ವಿಶ್ವನಾಥನು ಮಾತ್ರ, ರಸಕ್ಕೆ ಅಡ್ಡಿಯಾಗುವುದರಿಂದ ಪ್ರಹೇಲಿಕೆಯು ಅಲಂಕಾರವೇ ಅಲ್ಲವೆಂದು ತೀರ್ಮಾನಿಸಿದನು. ನಮ್ಮ ಪಂಡಿತರಲ್ಲಿ ಒಗಟಿನ ವಿಷಯವಾಗಿ ಇರುವ ಅನಾದರಕ್ಕೆ ಇಂತಹ ತೀರ್ಮಾನಗಳೂ ಕಾರಣವಾಗಿರಬೇಕು.

ಸರ್ವಜ್ಞನು ಈ ಜನಪದ ವಿನೋದವನ್ನು ತನ್ನ ತ್ರಿಪದಿಯೊಳಕ್ಕೆ ತಂದನು. ಶಿವಶರಣರ ವಚನಗಳು ಗದ್ಯಲಯದವು. ಸರ್ವಜ್ಞನವು ವಚನಗಳೆಂದು ಕರೆಯಲ್ಪಟ್ಟರೂ ಛಂದೋಬದ್ಧವಾದ ತ್ರಿಪದಿಗಳು. ಸುಮಾರು 700ರ ಕಾಲದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ತ್ರಿಪದಿಯು ಕಾಣಿಸಿಕೊಂಡಿದೆ. ಬೀಸುವ ಪದಗಳಲ್ಲಿ ಅದು ಇಂದಿಗೂ ಜೀವಂತವಾಗಿದೆ. ಮೂರು ಪಾದಗಳಲ್ಲಿ ಒಟ್ಟು ಹನ್ನೊಂದು ಗಣಗಳು. ಅವುಗಳಲ್ಲಿ ಆರನೆಯದೂ ಹತ್ತನೆಯದೂ ಕಿರಿದಾದ ಬ್ರಹ್ಮಗಣ, ಉಳಿದವು ವಿಷ್ಣುಗಣ. ಹನ್ನೊಂದನೆಯ ಗಣದ ಸ್ಥಾನದಲ್ಲಿ ಸರ್ವಜ್ಞನೆಂಬ ಅಂಕಿತವು ಕುಳಿತುಕೊಳ್ಳುವುದು. ಒಗಟುಗಳಲ್ಲಿ ಈ ಅಂಕಿತಕ್ಕೆ ಮುಂಚಿನ ಕಿರುಗಣದಲ್ಲಿ ನೋಡೆಂದೋ ಪೇಳಿರೆಂದೋ ಸೂಚಿಸುವ ಎರಡಕ್ಷರದ ಮಾತು ಬಂದು ನಿಲ್ಲುವುದುಂಟು. ಹೀಗೆ ಛಂದಸ್ಸಿನ ಚಿಕ್ಕದೊಂದು ಸ್ಥಾನವೇ ಕೇಳುವವನನ್ನು ಆಟಕ್ಕೆ ಕರೆಯುವ ಬಾಗಿಲಾಗಿದೆ.

ಇನ್ನು ಪ್ರಾಸದ ಸಂಗತಿ. ಕನ್ನಡದ ಪ್ರಾಸವು ಪಾದದ ತುದಿಯಲ್ಲಿ ಅಲ್ಲ, ಮೊದಲಲ್ಲಿ ನಿಲ್ಲುವುದು. ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವು ಬರಬೇಕು. ಒಗಟನ್ನು ಕಟ್ಟುವವನಿಗೆ ಇದೊಂದು ಕಟ್ಟುಪಾಡು. ವಸ್ತುವಿನ ಹೆಸರನ್ನು ಹೇಳದೆ ಅದರ ಗುಣಗಳನ್ನು ಆರಿಸಿಕೊಂಡು, ಮೂರು ಪಾದಗಳನ್ನೂ ಒಂದೇ ಪ್ರಾಸಾಕ್ಷರದಿಂದ ತೊಡಗಿಸುವುದು ಸುಲಭವಲ್ಲ. ಆದರೆ ಕೇಳಿದವನಿಗೆ ಅದೇ ಉಪಕಾರ. ಒಂದು ಪಾದವು ನೆನಪಿನಲ್ಲಿದ್ದರೆ ಪ್ರಾಸಾಕ್ಷರವು ಮರೆತುಹೋದ ಪಾದವನ್ನು ಕೈಹಿಡಿದು ಕರೆತರುವುದು. ಓಲೆಯ ಗರಿಯಿಲ್ಲದ ಮನೆಗಳಲ್ಲಿಯೂ ಈ ಒಗಟುಗಳು ಉಳಿದುದಕ್ಕೆ ಈ ಪ್ರಾಸವೇ ಮುಖ್ಯ ಕಾರಣ.

ಆತನ ಒಗಟುಗಳಲ್ಲಿ ಮೂರನ್ನು ಇಲ್ಲಿ ತಾತ್ಪರ್ಯದಿಂದ ವಿವರಿಸಬಹುದು. ಮೊದಲನೆಯದರಲ್ಲಿ ಬರುವಾತನು ಬಹು ಮಕ್ಕಳ ತಂದೆ. ಆತನ ತಲೆಯಲ್ಲಿ ಜುಟ್ಟುಂಟು. ಗಳಿಗೆ ಜಾವಗಳನ್ನು ಆತನು ಚೆನ್ನಾಗಿ ಬಲ್ಲನು. ಇಷ್ಟನ್ನು ಕೇಳಿದವನ ಮನಸ್ಸು ಎಲ್ಲಿಗೆ ಹೋಗುವುದು? ಪಂಚಾಂಗವನ್ನು ಬಗಲಲ್ಲಿಟ್ಟುಕೊಂಡು ಮುಹೂರ್ತವನ್ನು ಹೇಳುವ, ಬಹು ಸಂತಾನವುಳ್ಳ ಜೋಯಿಸರ ಮನೆಯ ಕಡೆಗೇ ಹೋಗುವುದು ಸಹಜ. ಕವಿಯು ಬೇಕೆಂದೇ ಆ ದಾರಿಯಲ್ಲಿ ನಮ್ಮನ್ನು ನಡೆಸಿ, ಕಡೆಯ ಪಾದದಲ್ಲಿ ಆತನ ಹೆಂಡತಿಗೆ ಮೊಲೆಯೇ ಇಲ್ಲವೆಂದು ಹೇಳಿ ದಾರಿಯನ್ನು ಕಡಿದುಬಿಡುವನು. ಆಗ ಕೇಳುವವನು ತಬ್ಬಿಬ್ಬಾಗಿ ಮತ್ತೆ ಮೊದಲಿನಿಂದ ಯೋಚಿಸಬೇಕು. ಉತ್ತರವು ಹುಂಜ. ಜುಟ್ಟೆಂದರೆ ತಲೆಯ ಮೇಲಿನ ಕೆಂಪು ಶಿಖೆ. ಜಾವವನ್ನು ಬಲ್ಲುದರಿಂದಲೇ ಅದು ಬೆಳಗನ್ನು ಕೂಗಿ ಸಾರುವುದು. ಹಾಲೂಡದ ಹಕ್ಕಿಜಾತಿಯಾದುದರಿಂದ ಹೇಂಟೆಗೆ ಮೊಲೆಯಿಲ್ಲ. ಉತ್ತರವು ಹೊಳೆದೊಡನೆ ನಗೆಯು ಬರುವುದು. ಆ ನಗೆಯೊಳಗೆ, ಕಾಲವನ್ನು ಬಲ್ಲೆನೆಂದು ಬೀಗುವವರಿಗೆ ತಿಪ್ಪೆಯನ್ನು ಕೆದಕುವ ಹಕ್ಕಿಯೂ ಕಾಲವನ್ನು ಬಲ್ಲುದೆಂಬ ಮೃದುವಾದ ಎಚ್ಚರಿಕೆಯೂ ಇದೆ.

ಎರಡನೆಯದರಲ್ಲಿ ಹತ್ತು ಸಾವಿರ ಕಣ್ಣುಗಳುಳ್ಳ, ನೆತ್ತಿಯ ಮೇಲೆ ಬಾಲವಿರುವ, ತುತ್ತನ್ನು ಹಿಡಿದು ತರುವ ವಿಚಿತ್ರ ಜೀವಿಯ ವರ್ಣನೆಯಿದೆ. ಪುರಾಣಗಳನ್ನು ಓದಿದವರು ಸಹಸ್ರಾಕ್ಷನಾದ ದೇವೇಂದ್ರನನ್ನು ನೆನೆದು ಅಲ್ಲಿಯೇ ತಡವರಿಸುವರು. ನೆತ್ತಿಯ ಬಾಲಕ್ಕೆ ಅವರಲ್ಲಿ ಸಮಾಧಾನವಿಲ್ಲ. ಹೊಳೆಯ ದಡದಲ್ಲಿ ಮೀನು ಹಿಡಿಯುವವನಿಗೆ ಮಾತ್ರ ಇದು ಕ್ಷಣದ ಕೆಲಸ. ಅದು ಬೀಸುವ ಬಲೆ. ಬಲೆಯ ಒಂದೊಂದು ರಂಧ್ರವನ್ನೂ ಕಣ್ಣೆಂದೇ ಕನ್ನಡಿಗರು ಕರೆಯುವರು. ಮೇಲ್ತುದಿಯಲ್ಲಿ ಕಟ್ಟಿದ ಹಗ್ಗವೇ ಬಾಲ. ಶ್ಲೇಷವೆಂಬ ಅಲಂಕಾರವನ್ನು ನಾವು ಶಾಸ್ತ್ರದಲ್ಲಿ ಹುಡುಕುತ್ತೇವೆ. ಅದು ಅಂಬಿಗರ ದಿನದ ಮಾತಿನಲ್ಲಿಯೇ ಇದ್ದುದನ್ನು ಸರ್ವಜ್ಞನು ಕಂಡನು. ಈ ಒಗಟಿನ ಉತ್ತರವನ್ನು ಆತನು ಕೇಳುವುದು ಕವಿಗಳನ್ನು ಎಂಬುದನ್ನೂ ಗಮನಿಸಬೇಕು.

ಮೂರನೆಯದು ಮೂರು ಕಾಲುಗಳ ಮೇಲೆ ನಿಂತು, ಮರವನ್ನು ತೇಯುತ್ತ ತಿಂದು, ಆಗಾಗ ನೀರನ್ನು ಕುಡಿಯುವ ವಸ್ತುವನ್ನು ಕುರಿತದ್ದು. ಕೇಳಿದೊಡನೆ ಯಾವುದೋ ಕಾಡಿನ ಭೂತವು ಕಣ್ಣಮುಂದೆ ಬರುವುದು. ಅದು ಗಂಧವನ್ನು ತೇಯುವ ಸಾಣೆಕಲ್ಲು. ಚಂದನದ ಕೊರಡೇ ಆ ಮರ. ತೇಯುವಾಗ ಸಿಂಪಡಿಸುವ ನೀರೇ ಅದರ ಪಾನ. ಪ್ರತಿದಿನವೂ ಪೂಜಾಗೃಹದಲ್ಲಿ ಅದನ್ನು ಕಾಣುತ್ತಿದ್ದರೂ ಅದಕ್ಕೆ ಮೂರು ಕಾಲುಗಳಿವೆಯೆಂಬುದನ್ನು ಎಷ್ಟು ಜನರು ಎಣಿಸಿ ನೋಡಿದ್ದೇವೆ? ಕಣ್ಣಿಗೆ ಪರಿಚಿತವಾದುದು ಮನಸ್ಸಿಗೆ ಮರೆಯಾಗುವುದು ಮನುಷ್ಯಸ್ವಭಾವ. ಒಗಟು ಆ ಮರೆಯನ್ನು ಸರಿಸುವುದು.

ಈ ಮೂರು ದೃಷ್ಟಾಂತಗಳಿಂದ ಒಂದು ತತ್ತ್ವವು ಹೊರಪಡುವುದು. ಇವುಗಳಲ್ಲಿ ಬಂದಿರುವ ವಸ್ತುಗಳು ಶಾಸ್ತ್ರಗ್ರಂಥಗಳಿಂದ ಬಂದವಲ್ಲ; ಕೋಳಿಯನ್ನು ಸಾಕುವವರ ಅಂಗಳದಿಂದ, ಬಲೆ ಬೀಸುವವರ ದೋಣಿಯಿಂದ, ಗಂಧ ತೇಯುವವರ ಮನೆಯಿಂದ ಬಂದವು. ಎಲ್ಲರಿಂದಲೂ ಒಂದೊಂದು ನುಡಿಯನ್ನು ಕಲಿತೆನೆಂಬ ಮಾತಿಗೆ ಈ ಒಗಟುಗಳೇ ಸಾಕ್ಷಿ. ಭಿಕ್ಷೆಗಾಗಿ ಬಾಗಿಲಲ್ಲಿ ನಿಂತವನು ಆ ಮನೆಯ ಉಪಕರಣಗಳನ್ನೂ, ಆ ಮನೆಯವರ ಕಾಯಕವನ್ನೂ ಕಣ್ಣಿಟ್ಟು ನೋಡಿದನು. ಅನ್ನವನ್ನು ಪಡೆದುದಕ್ಕೆ ಪ್ರತಿಯಾಗಿ ಅವರ ವಸ್ತುವನ್ನೇ ಅವರಿಗೆ ಹೊಸದನ್ನಾಗಿ ಮಾಡಿ ಹಿಂದಿರುಗಿಸಿದನು. ಒಗಟಿನ ಸಭೆಯಲ್ಲಿ ಮೇಲು ಕೀಳುಗಳ ಆಸನವಿಲ್ಲ. ಅಲ್ಲಿ ನಾಲ್ಕು ಶಾಸ್ತ್ರಗಳನ್ನು ಓದಿದವನು ಸೋಲಬಹುದು. ಕೈಯಿಂದ ದುಡಿಯುವವನು ಗೆಲ್ಲಬಹುದು. ಕಾಯಕದಿಂದ ಹುಟ್ಟಿದ ಅರಿವಿಗೂ ಗ್ರಂಥದಿಂದ ಹುಟ್ಟಿದ ಅರಿವಿಗೂ ಸಮಾನವಾದ ಪೀಠವನ್ನು ಕೊಡುವ ಆಟವು ಇದರಂತೆ ಮತ್ತೊಂದಿಲ್ಲ.

ಇಲ್ಲಿ ಬೆಡಗಿನ ವಚನಗಳ ವಿಷಯವನ್ನೂ ಸ್ವಲ್ಪ ಹೇಳಬೇಕಾಗಿದೆ. ಅಲ್ಲಮಪ್ರಭುದೇವರೇ ಮೊದಲಾದ ಶರಣರು ನುಡಿದ ಬೆಡಗಿನ ವಚನಗಳು ಹೊರನೋಟಕ್ಕೆ ಒಗಟುಗಳಂತೆಯೇ ಕಾಣುವುವು. ಒಂದನ್ನು ಹೇಳಿ ಮತ್ತೊಂದನ್ನು ಸೂಚಿಸುವ ಕ್ರಮವು ಎರಡಕ್ಕೂ ಸಮಾನ. ಆದರೆ ಬೆಡಗು ಸೂಚಿಸುವ ಅರ್ಥವು ಕಣ್ಣಿಗೆ ಕಾಣದ ಅನುಭಾವ. ಅದನ್ನು ಬಿಡಿಸುವುದಕ್ಕೆ ಟೀಕಾಕಾರರು ಬೇಕಾದರು; ಗುರುಕರುಣೆಯೂ ಸಾಧನೆಯೂ ಇಲ್ಲದವನಿಗೆ ಟೀಕೆಯನ್ನು ಓದಿದರೂ ಪದಗಳಷ್ಟೇ ದಕ್ಕುವುವು. ಒಗಟಿನ ಉತ್ತರವಾದರೋ ಕಣ್ಣ ಮುಂದೆಯೇ ಇರುವುದು. ಮಗುವೂ ಅದನ್ನು ಮುಟ್ಟಿ ತೋರಿಸಬಲ್ಲದು. ಆದುದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೂ ಕಾಣುವ ವಸ್ತುವನ್ನೇ ಸರಿಯಾಗಿ ನೋಡಲು ಕಲಿಯದ ಮನಸ್ಸು ಕಾಣದ ವಸ್ತುವನ್ನು ಹೇಗೆ ಅರಸೀತು? ಒಗಟು ಅಂಗಳದ ಆಟವಾದರೂ ಅದೇ ಅಂಗಳದಿಂದಲೇ ಗರ್ಭಗುಡಿಗೆ ದಾರಿಯುಂಟು.

ಸರ್ವಜ್ಞನ ಪ್ರಶ್ನೆಯ ಸ್ವಭಾವವು ಒಗಟುಗಳಲ್ಲಿಯೇ ಮುಗಿಯಲಿಲ್ಲ. ಜಾತಿಹೀನನೆನಿಸಿಕೊಂಡವನ ಮನೆಯಲ್ಲಿ ಉರಿಯುವ ಜ್ಯೋತಿಯೂ ಹೀನವೇ ಎಂದು ಆತನು ಕೇಳಿದ ವಚನವು ನಾಡಿಗೆಲ್ಲ ಪರಿಚಿತ. ಇದು ಕೂಡ ಒಂದು ಒಗಟೇ ಸರಿ. ಆದರೆ ಇಲ್ಲಿ ಮುಚ್ಚಿಟ್ಟ ವಸ್ತುವೇನೂ ಇಲ್ಲ. ದೀಪವೂ ಕಾಣುತ್ತಿದೆ, ಅದರ ಬೆಳಕೂ ಕಾಣುತ್ತಿದೆ, ಉತ್ತರವೂ ಎಲ್ಲರಿಗೂ ಗೊತ್ತಿದೆ. ಹುಂಜದ ಒಗಟಿಗೆ ಉತ್ತರವು ತಿಳಿಯದೆ ನಾವು ಸೋಲುತ್ತೇವೆ. ಜ್ಯೋತಿಯ ಒಗಟಿಗೆ ಉತ್ತರವು ತಿಳಿದಿದ್ದರೂ ಬಾಯಿ ತೆರೆಯದೆ ಸೋಲುತ್ತೇವೆ. ಮೊದಲನೆಯ ಸೋಲಿಗೆ ನಗೆಯು ಸಾಕು. ಎರಡನೆಯ ಸೋಲಿಗೆ ಶತಮಾನಗಳ ದುಃಖವು ಬೆಲೆಯಾಯಿತು. ಸಣ್ಣ ಪ್ರಶ್ನೆಗಳಿಂದ ಜನರ ಬುದ್ಧಿಯನ್ನು ಹದಗೊಳಿಸಿದ ಕವಿಗೆ ಮಾತ್ರ ಇಂತಹ ದೊಡ್ಡ ಪ್ರಶ್ನೆಯನ್ನು ಅಷ್ಟು ಸರಳವಾಗಿ ಕೇಳುವ ಅಧಿಕಾರವು ಬರುವುದು.

ಆತನ ವಚನಗಳ ಸಂಖ್ಯೆಯೂ ಒಂದು ವಿನೋದವೇ. ಏಳು ಕೋಟಿ, ಏಳು ಲಕ್ಷ, ಏಳು ಸಾವಿರದ ಎಪ್ಪತ್ತು ವಚನಗಳನ್ನು ಹೇಳಿದನೆಂದು ಒಂದು ತ್ರಿಪದಿಯು ಎಣಿಸುವುದು! ಕೈಗೆ ಬಂದುದಾದರೋ ಇದರ ಅಲ್ಪಾಂಶ. ಓಲೆಗರಿಗಳಲ್ಲಿಯೂ ಜನರ ಬಾಯಲ್ಲಿಯೂ ಚದುರಿಹೋಗಿದ್ದ ಈ ವಚನಗಳನ್ನು ಬಹು ಪರಿಶ್ರಮದಿಂದ ಕೂಡಿಸಿ, ಪಾಠಗಳನ್ನು ಹೋಲಿಸಿ, 1924ರಲ್ಲಿ ಪ್ರಕಟಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಸುಮಾರು 2000 ವಚನಗಳ ಆ ಸಂಪುಟವೇ ಮುಂದಿನ ಸಂಪಾದನೆಗಳಿಗೆಲ್ಲ ತಳಹದಿಯಾಯಿತು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಿತು. ಕ್ರೈಸ್ತ ಧರ್ಮೋಪದೇಶಕರಾದ ಅವರು ಶಿವಕವಿಯೊಬ್ಬನ ನುಡಿಗಾಗಿ ತಮ್ಮ ಆಯುಷ್ಯದ ಬಹುಭಾಗವನ್ನು ಸವೆಸಿದುದು ಸರ್ವಜ್ಞನ ಜ್ಯೋತಿಯ ಪ್ರಶ್ನೆಗೆ ಕೃತಿಯಿಂದ ಕೊಟ್ಟ ಉತ್ತರವೆಂದು ಭಾವಿಸಬಹುದು. 2009ರಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡುವು. ಮನೆಯಿಲ್ಲದೆ ತಿರುಗಿದ ಕವಿಗೆ ನೆರೆಯ ನಾಡಿನಲ್ಲಿಯೂ ಒಂದು ನೆಲೆಯು ದೊರೆತಂತಾಯಿತು.

ಆತನು ಎಲ್ಲಿ ದೇಹವನ್ನು ಬಿಟ್ಟನೆಂಬುದನ್ನು ಹುಡುಕುವುದಕ್ಕಿಂತ ಆತನು ಎಲ್ಲಿ ಬದುಕಿರುವನೆಂಬುದನ್ನು ಹೇಳುವುದು ಸುಲಭ. ಅಜ್ಜಿಯು ಮೊಮ್ಮಗನಿಗೆ ಒಗಟನ್ನು ಒಡ್ಡಿದ ಕಡೆಯಲ್ಲೆಲ್ಲ ಆತನು ಬದುಕಿರುವನು. ಆದುದರಿಂದ ಮನೆಯ ಹಿರಿಯರಲ್ಲಿಯೂ ಉಪಾಧ್ಯಾಯರಲ್ಲಿಯೂ ಒಂದು ವಿಜ್ಞಾಪನೆ. ಮಕ್ಕಳಿಗೆ ಸರ್ವಜ್ಞನ ನೀತಿಯನ್ನು ಕಲಿಸುವುದಕ್ಕೆ ಮೊದಲು ಆತನ ಒಗಟುಗಳನ್ನು ಕೊಡಿರಿ. ಕೊಟ್ಟ ಮೇಲೆ ಉತ್ತರವನ್ನು ಅವಸರದಿಂದ ಹೇಳದಿರಿ. ಉತ್ತರವು ಹೊಳೆಯದ ಮಗುವು ಅಡುಗೆಮನೆಯನ್ನೂ ಹಿತ್ತಿಲನ್ನೂ ಹೊಲವನ್ನೂ ಹೊಸ ಕಣ್ಣಿನಿಂದ ಸುತ್ತಿಬರುವುದು. ಆ ಸುತ್ತಾಟವೇ ನಿಜವಾದ ಪಾಠ. ಒಂದೆರಡು ದಿನಗಳಲ್ಲಿ ತಾನೇ ಉತ್ತರವನ್ನು ಕಂಡು ಓಡಿಬರುವ ಮಗುವಿನ ಮುಖದ ಕಾಂತಿಯನ್ನು ಕಂಡವರು ಒಗಟನ್ನು ಕ್ಷುದ್ರವೆಂದು ಎಂದಿಗೂ ಹೇಳಲಾರರು. ಅನಂತರ ಅದೇ ಮಗುವಿಗೆ ಪ್ರಾಸವನ್ನು ತೋರಿಸಿ, ಮನೆಯ ಯಾವುದಾದರೊಂದು ವಸ್ತುವನ್ನು ಆರಿಸಿಕೊಂಡು ತಾನೇ ಒಂದು ಒಗಟನ್ನು ಕಟ್ಟಲು ಹೇಳಿರಿ. ತಪ್ಪಾಗಲಿ, ಪ್ರಾಸವು ಕೆಡಲಿ, ಚಿಂತೆಯಿಲ್ಲ. ನೋಡಲು ಕಲಿತ ಕಣ್ಣು ಒಂದಲ್ಲ ಒಂದು ದಿನ ನೆರೆಮನೆಯ ಜ್ಯೋತಿಯನ್ನೂ ಸರಿಯಾಗಿ ನೋಡುವುದು. ಆಗ ಸರ್ವಜ್ಞಮೂರ್ತಿಯು ಒಡ್ಡಿದ ದೊಡ್ಡ ಒಗಟಿಗೂ ನಮ್ಮ ನಾಡು ಬಾಯಿ ತುಂಬಿ ಉತ್ತರವನ್ನು ಹೇಳುವುದು.